ಮೂಗರ್ಜಿಯ ಪರವಾಗಿ

ಕಳೆದ ತಿಂಗಳು ರವಿವಾರದ ಚಹಾ ಕೂಟದಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಅಂದರು: “ಹೆಸರು ಹಾಕೋ ಧೈರ್ಯ ಇಲ್ಲದವನು ಅರ್ಜಿ ಬರೀಬಾರದು. ಮೂಗರ್ಜಿ ಹೇಡಿಗಳ ಕೆಲಸ.” ಕೂತವರಲ್ಲಿ ಹೆಚ್ಚಿನವರು ತಲೆಯಾಡಿಸಿದರು. ನಾನು ತಲೆ ತಗ್ಗಿಸಿ ಚಹಾ ಮುಗಿಸಿದೆ. ಯಾಕೆಂದರೆ ಆ ಹೇಡಿ ನಾನೇ. ಆವತ್ತು ಬಾಯಿಗೆ ಬಾರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ರಾಂಜಣಗಾಂವ. ಪುಣೆಯಿಂದ ನಗರ ರಸ್ತೆ ಹಿಡಿದು 50 ಕಿಲೋಮೀಟರ್ ಬಂದರೆ ಸಿಗುವ ಊರು. ದೇವರ ಲೆಕ್ಕದಲ್ಲಿ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಜಾಗ, ಹೊಟ್ಟೆಯ ಲೆಕ್ಕದಲ್ಲಿ ಎಂಐಡಿಸಿ. ಇಲ್ಲಿನ ಕಾರ್ಖಾನೆಗಳ ಮೂರೂ ಪಾಳಿಗಳಲ್ಲಿ ವಿಜಯಪುರ, ಕಲಬುರಗಿ, ಬೀದರಿನ ಹುಡುಗರಿದ್ದಾರೆ. ಕಾರೇಗಾಂವ ರಸ್ತೆಯ ರೂಮುಗಳಲ್ಲಿ ರಾತ್ರಿ ಹನ್ನೊಂದಕ್ಕೆ ಕನ್ನಡ ಕೇಳುತ್ತದೆ. ನಾನು ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಭೀಮಾ ದಂಡೆಯ ನನ್ನ ಊರಿನ ಹೆಸರು ಈ ಲೇಖನದಲ್ಲಿ ಇಲ್ಲ. ಯಾಕೆ ಇಲ್ಲ ಎನ್ನುವುದು ಓದುತ್ತ ಹೋದರೆ ಗೊತ್ತಾಗುತ್ತದೆ.

ಊರು ಬಿಟ್ಟವರಿಗೆಲ್ಲ ಒಂದು ಚಟವಿರುತ್ತದೆ. ಕೆಲವರು ಗೂಗಲ್ ನಕ್ಷೆಯಲ್ಲಿ ತಮ್ಮ ಮನೆಯ ಮಾಳಿಗೆ ಹುಡುಕುತ್ತಾರೆ. ನನ್ನ ಚಟ ಭೂಮಿ ಜಾಲತಾಣದಲ್ಲಿ ನಮ್ಮ ಹೊಲದ ಸರ್ವೆ ನಂಬರ್ ಹಾಕಿ ಪಹಣಿ ನೋಡುವುದು. ನಮ್ಮ ಕಡೆ ಅದಕ್ಕೆ ಉತಾರ ಅನ್ನುತ್ತೇವೆ. ಮುತ್ಯಾ 2016ರಲ್ಲಿ ತೀರಿಕೊಂಡ ಮೇಲೂ ಉತಾರದಲ್ಲಿ ಅವನ ಹೆಸರೇ ಇತ್ತು. ಪರದೆಯ ಮೇಲೆ ಆ ಹೆಸರು ಬಂದರೆ ಅವನು ಬದುವಿನ ಮೇಲೆ ಕೂತ ಹಾಗೆ ಅನ್ನಿಸುತ್ತಿತ್ತು. 2024ರ ಮಳೆಗಾಲದ ಒಂದು ರಾತ್ರಿ ಪಾಳಿ ಮುಗಿಸಿ ಬಂದು ನೋಡುತ್ತೇನೆ, ಮುತ್ಯಾ ಇಲ್ಲ. ಅವನ ಜಾಗದಲ್ಲಿ ಮೂರು ಹೆಸರು: ದೊಡ್ಡಪ್ಪ, ಅಪ್ಪ, ಕಾಕಾ. ಪೌತಿ ಖಾತೆ ಆಗಿತ್ತು. ರಸ್ತೆ ಅಗಲ ಮಾಡಲು ಜಮೀನು ಹೋಗುತ್ತದೆ, ಪರಿಹಾರ ಬರುತ್ತದೆ ಎಂಬ ಸುದ್ದಿ ಊರಲ್ಲಿ ಹಬ್ಬಿದ್ದು ಅದಕ್ಕೆ ಸ್ವಲ್ಪ ಮುಂಚೆ.

ಮುತ್ಯಾನಿಗೆ ಮಕ್ಕಳು ಐವರು. ಮೂವರು ಗಂಡು, ಇಬ್ಬರು ಹೆಣ್ಣು. ದೊಡ್ಡತ್ತಿ ಸೊಲ್ಲಾಪುರದಲ್ಲಿದ್ದಾಳೆ. ಗಂಡ ಹೋಗಿ ಬಹಳ ವರ್ಷವಾಯಿತು, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದಳು. ಸಣ್ಣತ್ತಿ ಜತ್ತದ ಕಡೆಯ ಹಳ್ಳಿಯಲ್ಲಿ. ಖಾತೆಗೆ ಕೊಟ್ಟ ವಂಶವೃಕ್ಷದ ನಕಲನ್ನು ಬ್ಯಾಂಕ್ ಸಾಲದ ನೆಪ ಹೇಳಿ ನನ್ನ ತಮ್ಮನಿಂದ ತರಿಸಿಕೊಂಡೆ. ಅದರಲ್ಲಿ ಮುತ್ಯಾನ ಹೆಸರಿನ ಕೆಳಗೆ ಮೂರು ಗೆರೆ ಇಳಿದಿವೆ. ನಾಲ್ಕನೆಯದು, ಐದನೆಯದು ಇಲ್ಲ. ಕೆಳಗೆ ‘ಇವರನ್ನು ಹೊರತುಪಡಿಸಿ ಬೇರೆ ವಾರಸುದಾರರು ಇರುವುದಿಲ್ಲ’ ಎಂಬ ಪ್ರಮಾಣ. ಪಂಚರ ಸಹಿಗಳು. ಆ ಪಂಚರಲ್ಲಿ ಒಬ್ಬ ದೊಡ್ಡತ್ತಿಯ ಮದುವೆಯಲ್ಲಿ ಬೀಗರಿಗೆ ಬಡಿಸಿದವನು.

ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿಯ ಕಥೆ ನಿಮಗೆ ಗೊತ್ತಿರಬಹುದು. ಬದುಕಿದ್ದವನನ್ನು ಕಂದಾಯ ದಾಖಲೆಯಲ್ಲಿ ಸತ್ತವನೆಂದು ಬರೆದು ಅವನ ಜಮೀನನ್ನು ಸಂಬಂಧಿಕರು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅವನು ತನ್ನ ಹೆಸರಿನ ಮುಂದೆ ತಾನೇ ‘ಮೃತಕ’ ಎಂದು ಸೇರಿಸಿಕೊಂಡು, ತನ್ನಂಥವರ ಸಂಘ ಕಟ್ಟಿ, ಸುಮಾರು ಎರಡು ದಶಕ ಹೊಡೆದಾಡಿ 1994ರಲ್ಲಿ ಕಾಗದದ ಮೇಲೆ ಮತ್ತೆ ಜೀವ ಪಡೆದ. ಆ ಕಥೆ ಕೇಳಿ ನಾವು ನಗುತ್ತೇವೆ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಕಾಗದದಲ್ಲಿ ಸಾಯಿಸುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಅವರು ಹುಟ್ಟಿಯೇ ಇಲ್ಲ ಎಂದು ಬರೆದರೆ ಮುಗಿಯಿತು. ಸತ್ತವರಿಗಾದರೂ ಮರಣ ಪ್ರಮಾಣಪತ್ರ ಬೇಕಾಗುತ್ತದೆ.

ಕಾನೂನಿನಲ್ಲಿ ಗೊಂದಲವಿಲ್ಲ. ಮಗಳು ಮೊದಲ ದರ್ಜೆಯ ವಾರಸುದಾರಳು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಬೇಲಿಯೂ ಹೋಯಿತು. ಅಷ್ಟೊತ್ತಿಗೆ ತಂದೆ ಬದುಕಿರಬೇಕಿತ್ತೇ ಎಂಬ ಜಗಳವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ಬದುಕಿರಬೇಕಾಗಿಲ್ಲ ಎಂದು ಹೇಳಿ ಮುಗಿಸಿತು. ನಮ್ಮ ಮುತ್ಯಾ ಅಂತೂ 2016ರವರೆಗೆ ಬದುಕಿದ್ದ. ಹೊಲ 12 ಎಕರೆ. ಐದು ಪಾಲಾದರೆ ತಲೆಗೆ 2 ಎಕರೆ 16 ಗುಂಟೆ. ಮೂರು ಪಾಲಾದರೆ 4 ಎಕರೆ. ಅಂದರೆ ನನ್ನಪ್ಪನ ಪಾಲಿಗೆ ಅಕ್ಕತಂಗಿಯರಿಂದ ಬಂದ ಹೆಚ್ಚುವರಿ 1 ಎಕರೆ 24 ಗುಂಟೆ. ಮುಂದೊಂದು ದಿನ ಅದು ನನಗೂ ನನ್ನ ತಮ್ಮನಿಗೂ ಬರುತ್ತದೆ. ನಾನು ದೂರು ಕೊಡಲು ಹೊರಟದ್ದು ನನ್ನ ತಟ್ಟೆಯ ಮೇಲೆಯೇ.

ಅಪ್ಪನನ್ನು ಕೇಳಿದೆ. “ದೊಡ್ಡಾಂವ ಸಹಿ ಮಾಡಂದ, ಮಾಡೀನಿ. ನಿನಗ ಯಾಕ ಬೇಕು ಅದು?” ಎಂದು ಫೋನಿಟ್ಟ.

ಇಲ್ಲಿ ನಮ್ಮ ರೂಮಿನ ಮಾಲಕರು ಶಿರೂರ ತಾಲ್ಲೂಕಿನವರೇ. ಎಂಐಡಿಸಿಗೆ ಹೊಲ ಕೊಟ್ಟು, ಬಂದ ಹಣದಲ್ಲಿ ರೂಮು ಕಟ್ಟಿಸಿದ್ದಾರೆ. ಅವರ ತಾಯಿ ತೀರಿದ ಮೇಲೆ ವಾರಸ ನೋಂದ ಮಾಡಿಸುವಾಗ ಪಾರನೇರದಿಂದ ಅಕ್ಕನನ್ನು ಕರೆಸಿ ಹಕ್ಕಸೋಡ ಪತ್ರಕ್ಕೆ ಸಹಿ ಹಾಕಿಸಿದರು. ಸೀರೆ, ಕುಪ್ಪಸ, ಊಟ ಎಲ್ಲ ಆಯಿತು. ಅದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಅಕ್ಕಂದಿರು ಆ ಸಹಿಯನ್ನು ಮನಸ್ಸಿಲ್ಲದೆ ಹಾಕುತ್ತಾರೆ. ಆದರೆ ಹಕ್ಕು ಬಿಟ್ಟುಕೊಡು ಎಂದು ಕೇಳುವವನು ಆಕೆಗೆ ಹಕ್ಕಿತ್ತು, ಆಕೆ ಆ ಮನೆಯಲ್ಲಿ ಹುಟ್ಟಿದ್ದಳು ಎಂದು ಕನಿಷ್ಠ ಒಪ್ಪುತ್ತಾನೆ. ನಮ್ಮ ಮನೆಯವರು ಕೇಳುವ ಗೋಜಿಗೇ ಹೋಗಲಿಲ್ಲ. ವಂಶವೃಕ್ಷ ಸುಳ್ಳು ಮಾಡಿದರೆ ಸೀರೆಯ ಖರ್ಚೂ ಉಳಿಯುತ್ತದೆ.

ಹೀಗಾಗಿ ಒಂದು ಅರ್ಜಿ ಬರೆದೆ. ಹೆಸರು ಹಾಕಲಿಲ್ಲ. ತಾಲ್ಲೂಕು ಕಚೇರಿಗೆ ಅಂಚೆಯಲ್ಲಿ ಹಾಕಿದೆ. ಎರಡು ವಾರವಾಗಿರಬಹುದು, ಕಾಕಾನ ಫೋನ್ ಬಂತು.

“ಏನಪಾ ತಮ್ಮಾ, ಪುಣೇಕ್ಕ ಹೋಗಿ ವಕೀಲ ಆಗೀಯಂತ?”

ನನ್ನ ಅರ್ಜಿಯ ಗತಿ ಹೀಗಾಗಿತ್ತು. ಕಳುಹಿಸಿದವರ ಹೆಸರು ವಿಳಾಸ ಇಲ್ಲದ್ದರಿಂದ ಕ್ರಮಕ್ಕೆ ಅರ್ಹವಲ್ಲ ಎಂದು ಮುಕ್ತಾಯ ಮಾಡಿದ್ದರು. ಆದರೆ ಮುಕ್ತಾಯ ಮಾಡುವ ಮುಂಚೆ ಅದರ ಫೋಟೊ ಯಾರದೋ ಮೊಬೈಲಿಗೆ ಹೋಗಿ, ಅಲ್ಲಿಂದ ನಮ್ಮ ದೊಡ್ಡಪ್ಪನ ಮೊಬೈಲಿಗೆ ಬಂದಿತ್ತು. ಲಕೋಟೆಯ ಫೋಟೊ ಕೂಡ. ಲಕೋಟೆಯ ಮೇಲೆ ರಾಂಜಣಗಾಂವದ ಅಂಚೆ ಮುದ್ರೆ. ನಮ್ಮೂರಿಂದ ರಾಂಜಣಗಾಂವಕ್ಕೆ ಬಂದವನು ನಾನೊಬ್ಬನೇ.

ನನ್ನ ಜಗಳ ಇಲ್ಲಿಂದ ಶುರು. ಹೆಸರಿಲ್ಲ ಎಂಬ ಕಾರಣಕ್ಕೆ ಕಚೇರಿ ಏನನ್ನೂ ಪರೀಕ್ಷಿಸಲಿಲ್ಲ. ಆದರೆ ಹೆಸರು ಯಾರದಿರಬಹುದು ಎಂದು ಹುಡುಕುವ ಕೆಲಸ ಮಾತ್ರ ಅಚ್ಚುಕಟ್ಟಾಗಿ ನಡೆಯಿತು. ಅರ್ಜಿಯಲ್ಲಿ ಸರ್ವೆ ನಂಬರ್ ಇತ್ತು, ಮ್ಯುಟೇಶನ್ ನಂಬರ್ ಇತ್ತು, ಬಿಟ್ಟುಹೋದ ಇಬ್ಬರು ಹೆಣ್ಣುಮಕ್ಕಳ ಹೆಸರಿತ್ತು, ಅವರು ಓದಿದ ಶಾಲೆಯ ಹೆಸರಿತ್ತು. ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಲು ಅರ್ಧ ದಿನ ಸಾಕು. ಆ ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ ಇರುವುದು ನಮ್ಮ ಮುತ್ಯಾನ ಹೆಸರೇ. ಆ ಸತ್ಯ ನಾನು ಒಳ್ಳೆಯವನೋ ಕೆಟ್ಟವನೋ, ಕಾಕಾನ ಮೇಲೆ ನನಗೆ ಹಗೆಯಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿಲ್ಲ. ಮೂಗರ್ಜಿ ಬೇಡ ಎನ್ನುವವರು ಮರೆಯುವುದು ಇದನ್ನೇ. ‘ಸಾಹೇಬರು ಲಂಚ ಕೇಳಿದರು’ ಎಂಬ ದೂರಿಗೆ ಕೇಳಿಸಿಕೊಂಡವನ ಬಾಯಿ ಬೇಕು. ‘ಈ ವಂಶವೃಕ್ಷದಲ್ಲಿ ಇಬ್ಬರು ಇಲ್ಲ’ ಎಂಬ ಮಾತಿಗೆ ಯಾರ ಬಾಯಿಯೂ ಬೇಡ, ಕಾಗದವೇ ಸಾಕು.

ಮೂಗರ್ಜಿ ಎಂಬ ಪದವನ್ನೇ ನೋಡಿ. ಮರಾಠಿಯವರು ಇಂಥದ್ದಕ್ಕೆ ನಿನಾವಿ ಅರ್ಜ ಅನ್ನುತ್ತಾರೆ, ಅಂದರೆ ಹೆಸರಿಲ್ಲದ್ದು. ನಾವು ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಮೂಗನನ್ನಾಗಿ ಮಾಡಿದ್ದೇವೆ. ನನ್ನ ಅರ್ಜಿ ಎರಡು ಪುಟ ಮಾತಾಡಿತ್ತು. ಬಾಯಿ ಕಟ್ಟಿದ್ದು ಕಚೇರಿಗೆ.

ಸರಕಾರದ ನಿಲುವಿನ ಹಿಂದೆ ಕಾರಣವೇ ಇಲ್ಲ ಅಂತಲ್ಲ. ಕೇಂದ್ರ ಜಾಗೃತ ಆಯೋಗ 1999ರ ಜೂನ್ 29ರಂದು ಸುತ್ತೋಲೆ ಹೊರಡಿಸಿ, ಹೆಸರಿಲ್ಲದ ಮತ್ತು ಸುಳ್ಳು ಹೆಸರಿನ ದೂರುಗಳ ಮೇಲೆ ಯಾವ ಕ್ರಮವೂ ಬೇಡ ಎಂದಿತು. ಪ್ರಾಮಾಣಿಕ ನೌಕರರಿಗೆ ಬಡ್ತಿಯ ಹೊತ್ತಿಗೆ ಸರಿಯಾಗಿ ಮೂಗರ್ಜಿ ಬಿದ್ದು ಬದುಕು ಹಾಳಾಗುತ್ತಿದ್ದದ್ದು ನಿಜ. ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯ ಮೇಲೆ, ಹೊಸದಾಗಿ ಬಂದ ಟೀಚರ ಮೇಲೆ ಏನೇನು ಬರೆಯುತ್ತಾರೆ ಎಂಬುದನ್ನು ನಾನೂ ಕಂಡಿದ್ದೇನೆ. ಅಂಥ ಅರ್ಜಿಗಳನ್ನು ಒಲೆಗೆ ಹಾಕಬೇಕು. ಆದರೆ ಅದೇ ಆಯೋಗ 2002ರಲ್ಲಿ ಒಂದು ಕಿಂಡಿ ತೆರೆದಿತ್ತು: ಪರಿಶೀಲಿಸಬಹುದಾದ ಸಂಗತಿಗಳಿದ್ದರೆ, ಇಲಾಖೆ ಆಯೋಗವನ್ನು ಕೇಳಿ ಮುಂದುವರಿಯಬಹುದು. ನನ್ನ ವಾದವೂ ಅಷ್ಟೇ. ಆ ಕಿಂಡಿಯನ್ನು 2014ರಲ್ಲಿ ಮುಚ್ಚಿದರು. ಅದು ಕೇಂದ್ರದ ನೌಕರರ ಮಾತು. ಆದರೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ನಡೆಯುವ ರೂಢಿ ಬೇರೇನಲ್ಲ. ಲೋಕಾಯುಕ್ತಕ್ಕೆ ಹೋಗುತ್ತೇನೆ ಎಂದರೆ 1984ರ ಕಾಯ್ದೆಯ ಪ್ರಕಾರ ದೂರಿನ ಜತೆ ಪ್ರಮಾಣಪತ್ರ ಲಗತ್ತಿಸಬೇಕು.

“ಸರಿ, ಹೆಸರು ಕೊಡು, ಅದನ್ನು ಗುಟ್ಟಾಗಿ ಇಡುತ್ತಾರೆ” ಎಂದು ಹಿರಿಯರು ಹೇಳಬಹುದು. ಗುಟ್ಟಾಗಿ ಇಟ್ಟ ಚರಿತ್ರೆ ನೋಡೋಣ. ಸತ್ಯೇಂದ್ರ ದುಬೆ ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರ್, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಕೆಲಸ. ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ತಮ್ಮ ಗುರುತು ಹೊರಗೆ ಬಾರದಿರಲಿ ಎಂದು ಕೇಳಿಕೊಂಡರು. ಆದರೆ ಪತ್ರವನ್ನು ನಂಬಲಿ ಎಂದು ತಮ್ಮ ವಿವರವನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದರು. ಹೆಸರಿನ ಸಮೇತ ಪತ್ರ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಕೋರರ ಕೆಲಸ ಎಂದು ತನಿಖೆ ಹೇಳಿತು. ಆದರೂ ಆ ಸಾವಿನ ಒತ್ತಡದಿಂದಲೇ 2004ರಲ್ಲಿ ಸರಕಾರ ಮಾಹಿತಿದಾರರ ರಕ್ಷಣೆಗೆ ಒಂದು ನಿರ್ಣಯ ಹೊರಡಿಸಿತು. ಹತ್ತು ವರ್ಷದ ನಂತರ, 2014ರಲ್ಲಿ, ಅದಕ್ಕೊಂದು ಕಾಯ್ದೆ ಬಂತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಆ ಕಾಯ್ದೆ ಕೂಡ ಹೆಸರಿಲ್ಲದ ದೂರನ್ನು ಮುಟ್ಟುವುದಿಲ್ಲ ಅನ್ನುತ್ತದೆ. ಜಾರಿಯಾಗದ ರಕ್ಷಣೆಯನ್ನು ನಂಬಿ ಹೆಸರು ಕೊಡಬೇಕಂತೆ.

ಹೆಸರು ಹಾಕಿ, ಎದೆ ಸೆಟೆಸಿ ನಿಂತವರನ್ನೂ ನೋಡೋಣ. ನಮ್ಮ ಪುಣೆ ಜಿಲ್ಲೆಯಲ್ಲೇ ತಳೇಗಾಂವ ದಾಭಾಡೆ ಇದೆ (ಶಿರೂರ ತಾಲ್ಲೂಕಿನ ತಳೇಗಾಂವ ಢಮಢೇರೆ ಬೇರೆ, ಇದು ಆಚೆ ಮುಂಬಯಿ ದಿಕ್ಕಿನದು). ಅಲ್ಲಿ ಎಕ್ಸ್‌ಪ್ರೆಸ್ ರಸ್ತೆಯ ಆಸುಪಾಸಿನ ಜಮೀನು ವ್ಯವಹಾರಗಳನ್ನು ಮಾಹಿತಿ ಹಕ್ಕಿನ ಮೂಲಕ ಬಯಲಿಗೆಳೆಯುತ್ತಿದ್ದ ಸತೀಶ್ ಶೆಟ್ಟಿಯವರನ್ನು 2010ರ ಜನವರಿ 13ರಂದು, ಬೆಳಗಿನ ವಾಯುವಿಹಾರಕ್ಕೆ ಹೊರಟಾಗ ಕಡಿದು ಕೊಂದರು. ಬೆಂಗಳೂರಿನಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳ ಅಕ್ರಮ ನೋಡುತ್ತಿದ್ದ ಅಧಿಕಾರಿ ಎಸ್.ಪಿ. ಮಹಾಂತೇಶ್ ಅವರ ಮೇಲೆ 2012ರ ಮೇ ತಿಂಗಳಲ್ಲಿ ಹಲ್ಲೆಯಾಗಿ ಕೆಲವು ದಿನಗಳಲ್ಲಿ ತೀರಿಕೊಂಡರು. ನನ್ನ ದೊಡ್ಡಪ್ಪ ಕೊಲೆಗಾರನಲ್ಲ, ಆ ಹೆಸರುಗಳ ಪಕ್ಕ ನನ್ನದನ್ನು ಇಡುವ ಯೋಗ್ಯತೆಯೂ ನನಗಿಲ್ಲ. ಧೈರ್ಯದ ಬೆಲೆಯನ್ನು ಇನ್ನೊಬ್ಬರ ಪರವಾಗಿ ಕಟ್ಟುವವರು ಅದರ ದರ ಎಷ್ಟಿದೆ ಎಂದು ತಿಳಿದಿರಲಿ ಎಂದಷ್ಟೇ ಹೇಳಿದೆ. ನನ್ನ ಮಟ್ಟದಲ್ಲಿ ಬೆಲೆ ಬೇರೆ ತರದ್ದು. ಅವ್ವನಿಗೆ ಓಣಿಯಲ್ಲಿ ಮಾತಾಡಿಸುವವರಿಲ್ಲ. ತಮ್ಮನ ಲಗ್ನದ ಮಾತುಕತೆಗೆ ದೊಡ್ಡಪ್ಪ ಬರಲಿಲ್ಲ, ಬೀಗರು ಹಿಂದೆ ಸರಿದರು.

ಇನ್ನೊಂದು ಕಡೆ ಇದೇ ಸರಕಾರ ಏನು ಮಾಡುತ್ತದೆ ನೋಡಿ. ನಮ್ಮಂಥ ಕಾರ್ಖಾನೆಯ ಕ್ಯಾಂಟೀನ್ ಗೋಡೆಯ ಮೇಲೆ ಅಕ್ರಮ ಕಂಡರೆ ತಿಳಿಸಿ ಎಂಬ ಇಮೇಲ್ ವಿಳಾಸವಿರುತ್ತದೆ. ಷೇರು ಪೇಟೆಯಲ್ಲಿ ಹೆಸರಿರುವ ಕಂಪನಿಗಳಿಗೆ ಇಂಥ ವ್ಯವಸ್ಥೆ 2013ರ ಕಂಪನಿ ಕಾಯ್ದೆಯಿಂದಲೇ ಕಡ್ಡಾಯ. ಒಳಗಿನ ಮಾಹಿತಿ ಬಳಸಿ ಷೇರು ವ್ಯಾಪಾರ ಮಾಡುವವರ ಸುಳಿವನ್ನು ವಕೀಲರ ಮೂಲಕ, ಗುರುತು ಮುಚ್ಚಿಟ್ಟು ಕೊಡಲು ಸೆಬಿ 2019ರಲ್ಲಿ ದಾರಿ ಮಾಡಿತು, ಬಹುಮಾನವೂ ಇಟ್ಟಿತು. ಬೇನಾಮಿ ಆಸ್ತಿಯ ಸುಳಿವು ಕೊಟ್ಟವರ ಗುರುತು ಗುಟ್ಟಾಗಿಟ್ಟು ಹಣ ಕೊಡುವ ಯೋಜನೆ 2018ರಿಂದ ಇದೆ. ನಮ್ಮ ಲೈನಿನಲ್ಲಿ ‘ಸ್ವಲ್ಪದರಲ್ಲಿ ತಪ್ಪಿದ ಅಪಘಾತ’ ಬರೆದು ಹಾಕುವ ಹಳದಿ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಡಬಹುದು. ಚೀಟಿ ಬಿದ್ದ ತಕ್ಷಣ ಸೂಪರ್‌ವೈಸರ್ ಹೋಗಿ ಯಂತ್ರ ನೋಡುತ್ತಾನೆ, ಚೀಟಿ ಹಾಕಿದವನನ್ನು ಹುಡುಕುವುದಿಲ್ಲ. ಷೇರಿನ ಹಣ, ತೆರಿಗೆಯ ಹಣ, ಕಂಪನಿಯ ಯಂತ್ರ ಇವಕ್ಕೆಲ್ಲ ಗುಟ್ಟಿನ ಬಾಗಿಲುಗಳಿವೆ. ಬೀಡಿ ಕಟ್ಟುವ ಹೆಂಗಸಿನ 2 ಎಕರೆ 16 ಗುಂಟೆಗೆ ಮಾತ್ರ ಹೆಬ್ಬಾಗಿಲಿನಿಂದಲೇ, ಹೆಸರು ವಿಳಾಸ ಸಮೇತ ಬರಬೇಕು.

ಈಗ ನನ್ನ ತಪ್ಪಿನ ಮಾತು. ಅರ್ಜಿ ಹಾಕುವ ಮುಂಚೆ ನಾನು ಅತ್ತಿಯನ್ನು ಕೇಳಲಿಲ್ಲ. ಸುದ್ದಿ ಒಡೆದ ಮೇಲೆ ಸೊಲ್ಲಾಪುರಕ್ಕೆ ಹೋದೆ. ಅವಳು ಬೀಡಿ ಎಲೆ ಕತ್ತರಿಸುತ್ತ ಎಲ್ಲ ಕೇಳಿ, “ವರ್ಸಾ ಪಂಚಮಿಗೆ ಅಣ್ಣ ಕರೀತಿದ್ದ. ಈ ಸಲ ಕರೀಲಿಲ್ಲ. ನೀ ಮಾಡಿದ್ದು ಇದು” ಅಂದಳು. ಉಂಡಿ ಕಟ್ಟಿಕೊಂಡು ತವರಿಂದ ಬರುವುದು, ಬೇವಿನ ಮರದ ಜೋಕಾಲಿ, ವರ್ಷಕ್ಕೆ ಎರಡು ದಿನ ಅವ್ವನ ಮನೆಯ ಅಂಗಳ, ಇದರ ಲೆಕ್ಕ ನನ್ನ ಎಕರೆ ಗುಂಟೆಯಲ್ಲಿ ಇರಲಿಲ್ಲ. ಅವಳ ಪರವಾಗಿ ನ್ಯಾಯ ಕೇಳುವ ಹುರುಪಿನಲ್ಲಿ ಅವಳಿಗಿದ್ದ ಒಂದೇ ಬಾಗಿಲನ್ನು ಮುಚ್ಚಿಸಿದೆ. ಯಾರೇ ಆಗಲಿ, ಇನ್ನೊಬ್ಬರ ಪಾಲಿನ ಬಗ್ಗೆ ಬರೆಯುವ ಮುಂಚೆ ಆ ಇನ್ನೊಬ್ಬರಿಗೆ ಗುಟ್ಟಾಗಿ ಒಂದು ಮಾತು ಹೇಳಬೇಕಿತ್ತು. ಇದನ್ನು ಒಪ್ಪುತ್ತೇನೆ.

ಆದರೆ ಇದೇ ಕಾರಣಕ್ಕೆ ಮೂಗರ್ಜಿ ಬೇಕು ಎಂದೂ ಹೇಳುತ್ತೇನೆ. ಅತ್ತಿ ತಾನಾಗಿ ತಕರಾರು ಹಾಕಿದರೆ ತವರು ಹೋಗುತ್ತದೆ. ಹಾಕದಿದ್ದರೆ ಹೊಲ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದು ಅವಳಿಗೆ ಹೇಳುವ ಬದಲು, ವಂಶವೃಕ್ಷ ಕೊಡುವ ಕಚೇರಿ ತನ್ನ ಕೆಲಸ ತಾನು ಮಾಡಿದ್ದರೆ ಯಾರೂ ಯಾರ ಮೇಲೂ ಅರ್ಜಿ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸುಳ್ಳು ಪ್ರಮಾಣ ನಡೆದದ್ದು ಅತ್ತಿಯ ಮುಂದೆ ಅಲ್ಲ, ಸರಕಾರದ ಮುಂದೆ. ಮೋಸ ಹೋದವರಲ್ಲಿ ಸರಕಾರವೂ ಒಂದು. ತನಗೇ ಮೋಸವಾಗಿದೆ ಎಂದು ಯಾರೋ ತಿಳಿಸಿದರೆ, ನೀನ್ಯಾರು ಹೇಳು, ಆಮೇಲೆ ನೋಡುತ್ತೇನೆ ಎನ್ನುವುದು ಯಾವ ಸೀಮೆಯ ಮಾತು?

“ಉತಾರದಲ್ಲಿ ಹೆಸರಿಲ್ಲದಿದ್ದರೇನು, ಹಕ್ಕು ಹೋಗುತ್ತದೆಯೇ?” ಎಂದು ಕಾನೂನು ಓದಿದ ಗೆಳೆಯರು ಕೇಳುತ್ತಾರೆ. ಹೋಗುವುದಿಲ್ಲ. ಕಂದಾಯ ದಾಖಲೆಯ ಹೆಸರು ಮಾಲೀಕತ್ವ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲಿ ಸೂರಜ್ ಭಾನ್ ಪ್ರಕರಣದಲ್ಲೂ ಹೇಳಿದೆ. ಆದರೆ ಆ ಉತಾರ ತೋರಿಸಿ ಮಾರಬಹುದು, ಸಾಲ ತೆಗೆಯಬಹುದು, ರಸ್ತೆಯ ಪರಿಹಾರ ಎತ್ತಬಹುದು. ಆಮೇಲೆ ಸೊಲ್ಲಾಪುರದಿಂದ ಬಂದು ಪಾಲಿನ ದಾವೆ ಹಾಕಿ, ತಾರೀಖಿಗೆ ತಾರೀಖು ಬಸ್ಸು ಹತ್ತಲು ಅತ್ತಿಗೆ ಎಷ್ಟು ಸಾವಿರ ಬೀಡಿ ಕಟ್ಟಬೇಕಾದೀತು?

ಇದು ನನ್ನ ಮನೆಯ ಗೋಳು ಮಾತ್ರ ಆಗಿದ್ದರೆ ನಿಮ್ಮ ಮುಂದೆ ತೋಡಿಕೊಳ್ಳುತ್ತಿರಲಿಲ್ಲ. ಖಾತೆ ಬದಲಾವಣೆಯ ನೋಟಿಸನ್ನು ಊರ ಚಾವಡಿಯಲ್ಲಿ ಅಂಟಿಸುತ್ತಾರೆ. ಅದನ್ನು ಓದುವವರು ಊರಲ್ಲಿ ಇರುವವರು. ಅಳಿಸಿಹೋಗುವ ಹೆಸರುಗಳು ಊರಲ್ಲಿ ಇಲ್ಲದವರದು: ಮದುವೆಯಾಗಿ ಹೋದವರು, ದುಡಿಯಲು ಹೋದವರು. ಇವತ್ತು ಅತ್ತಿ, ನಾಳೆ ದುಬೈಯಲ್ಲಿರುವ ನೀವು, ಹಿಂಜವಡಿಯಲ್ಲಿರುವ ನಿಮ್ಮ ತಂಗಿ. ತೀರಿಹೋದವರ ಹೆಸರಿನಲ್ಲೇ ಉಳಿದ ಲಕ್ಷಗಟ್ಟಲೆ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಲು ಕರ್ನಾಟಕದ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಶುರು ಮಾಡಿತು. ಒಳ್ಳೆಯ ಕೆಲಸ. ಆದರೆ ಇಷ್ಟು ಅವಸರದಲ್ಲಿ ಇಷ್ಟೊಂದು ವಂಶವೃಕ್ಷ ತಯಾರಾಗುವಾಗ ಎಷ್ಟು ಕೊಂಬೆ ಕಡಿದುಹೋಗುತ್ತವೆ ಎಂದು ನೋಡುವವರು ಬೇಕು. ಮನೆಗೆ ಬಂದ ಅಧಿಕಾರಿಗೆ ಮನೆಯಲ್ಲಿದ್ದವರು ತಾನೇ ಹೆಸರು ಹೇಳುವುದು?

ಆದ್ದರಿಂದ ಒಮ್ಮೆ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ಏನಾದರೂ ಕಂಡು, ಹೆಸರು ಹಾಕಲಾಗದ ಸ್ಥಿತಿಯಲ್ಲಿದ್ದರೆ ನನ್ನಂತೆ ಪೆದ್ದುತನ ಮಾಡಬೇಡಿ. ನನ್ನನ್ನು ಹಿಡಿದುಕೊಟ್ಟದ್ದು ಅಂಚೆ ಮುದ್ರೆ ಮಾತ್ರವಲ್ಲ. ಅರ್ಜಿಯಲ್ಲಿ ದೊಡ್ಡತ್ತಿಯನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಬರೆದಿದ್ದೆ. ಆ ಹೆಸರು ಗೊತ್ತಿರುವವರು ಹತ್ತು ಜನ. ವಂಶವೃಕ್ಷದ ನಕಲನ್ನು ಲಗತ್ತಿಸಿದ್ದೆ. ಅದು ನನ್ನ ತಮ್ಮ ನನಗೆ ಕಳಿಸಿದ ಫೋಟೊ, ಮೂಲೆಯಲ್ಲಿ ಅವನ ಹೆಬ್ಬೆರಳು ಕಾಣುತ್ತಿತ್ತು. ನನಗೆ ಮಾತ್ರ ಗೊತ್ತಿರುವ ಯಾವುದನ್ನೂ ಬರೆಯಬಾರದಿತ್ತು. ಯಾರಿಗಾದರೂ ಸಿಗುವ ದಾಖಲೆಯಲ್ಲಿ ಇರುವುದನ್ನಷ್ಟೇ, ನಂಬರು ತಾರೀಖಿನ ಸಮೇತ, ಬೈಗುಳವಿಲ್ಲದೆ ಬರೆದರೆ ಅರ್ಧ ಪುಟ ಸಾಕು. ‘ಹೆಣ್ಣುಮಕ್ಕಳ ಕಣ್ಣೀರಿನ ಶಾಪ’ ಎಂದೆಲ್ಲ ಬರೆದಿದ್ದೆ. ಅದನ್ನು ಓದಿಯೇ ಕಾಕಾ, ಇದು ನಮ್ಮ ಸಾಹಿತಿಯ ಕೆಲಸ ಅಂದನಂತೆ. ಸರಕಾರದ ಜಾಲತಾಣಗಳಲ್ಲಿ ದೂರು ಹಾಕಿದರೆ ಮೊಬೈಲ್ ನಂಬರ್ ಕೇಳುತ್ತವೆ; ಅಲ್ಲಿ ಗುಟ್ಟು ಉಳಿಯಿತೆಂದು ತಿಳಿಯಬೇಡಿ. ಮಾಹಿತಿ ಹಕ್ಕಿನಲ್ಲಿ ನಕಲು ಕೇಳುವಾಗ ಮನೆಯ ವಿಳಾಸ ಬೇಕಿಲ್ಲ, ಅಂಚೆ ಪೆಟ್ಟಿಗೆಯ ಸಂಖ್ಯೆ ಸಾಕು ಎಂದು ಕಲ್ಕತ್ತಾ ಹೈಕೋರ್ಟು 2013ರಲ್ಲಿ ಹೇಳಿದೆ. ಆದರೆ ಹೆಸರು ಬೇಕು.

ಎಲ್ಲಕ್ಕಿಂತ ಗಟ್ಟಿ ದಾರಿ ವಕೀಲರದು. ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲರು ಹೊರಗೆ ಬಿಡುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು, ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಅಪರಾಧದ ಸುಳಿವು ಎಲ್ಲಿಂದ ಸಿಕ್ಕಿತು ಎಂದು ಹೇಳಲು ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂಬ ಸಾಲು ಕೂಡ ಅದೇ 1872ರದ್ದು. ಸುಳಿವು ಕೊಟ್ಟವನ ಗುರುತು ಕಾಯಬೇಕು ಎಂಬ ಬುದ್ಧಿ ಬ್ರಿಟಿಷರ ಕಾಲದ ಕಾನೂನಿಗೆ ಇತ್ತು. ತಾಲ್ಲೂಕು ಕಚೇರಿಯ ಟಪಾಲು ಮೇಜಿಗೆ ಇನ್ನೂ ಬಂದಿಲ್ಲ. ಒಂದು ಮಾತು ಮರೆಯಬಾರದು: ಸುಳಿವು ಕೊಡುವುದು ಬೇರೆ, ಪಾಲು ಕೇಳುವುದು ಬೇರೆ. ತಕರಾರು, ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಪಾಲಿನ ದಾವೆ ಇವನ್ನೆಲ್ಲ ಪಾಲುದಾರರೇ ತಮ್ಮ ಹೆಸರಿನಲ್ಲಿ ಮಾಡಬೇಕು. ಮೂಗರ್ಜಿ ಆ ಕೆಲಸ ಮಾಡಲಾರದು.

ನಾನು ಕಂದಾಯ ಇಲಾಖೆಯನ್ನು ಕೇಳುವುದು ದೊಡ್ಡದೇನಲ್ಲ. ಹೆಸರಿಲ್ಲದ ಅರ್ಜಿಯಲ್ಲಿ ಸರ್ವೆ ನಂಬರೂ ಬಿಟ್ಟುಹೋದ ಹೆಸರೂ ಇದ್ದರೆ, ಅದನ್ನು ದೂರು ಎಂದು ಕರೆಯಬೇಡಿ, ಮಾಹಿತಿ ಎಂದು ಕರೆಯಿರಿ. ಶಾಲೆಯ ಪುಸ್ತಕ, ಹಳೆಯ ಪಡಿತರ ಚೀಟಿ ತೆಗೆದು ತಾಳೆ ನೋಡಿ. ಸುಳ್ಳಾಗಿದ್ದರೆ ಹರಿದು ಹಾಕಿ, ಯಾರಿಗೂ ನೋಟಿಸು ಕೂಡ ಬೇಡ. ಲಕೋಟೆಯ ಫೋಟೊ ಮಾತ್ರ ತೆಗೆಯಬೇಡಿ.

ಚಹಾ ಕೂಟದ ಹಿರಿಯರಿಗೂ ಒಂದು ಮಾತು. ನೀವು ಹೇಳಿದ ಧೈರ್ಯವನ್ನು ಈಗ ನಾನು ಮಾಡಲೇಬೇಕಾಗಿದೆ, ಅಡಗಿಕೊಳ್ಳಲು ಜಾಗ ಉಳಿದಿಲ್ಲವಲ್ಲ. ಆದರೆ ನನ್ನ ಪಾಳಿಯಲ್ಲೇ ಇನ್ನಿಬ್ಬರು ಹುಡುಗರು ತಮ್ಮ ತಮ್ಮ ಮೊಬೈಲಿನಲ್ಲಿ ಉತಾರ ತೆಗೆದು ನನಗೆ ತೋರಿಸಿದ್ದಾರೆ. ಅವರಿಗೆ ‘ಹೆಸರು ಹಾಕು’ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ದೀಪಾವಳಿಗೆ ಊರಿಗೆ ಹೋಗಲಿಲ್ಲ, ಸೊಲ್ಲಾಪುರದಲ್ಲೇ ಇಳಿದೆ. ಹೊರಡುವಾಗ ಅತ್ತಿ, “ಆ ಕಾಗದ ತಂದೀಯೇನು?” ಎಂದು ಕೇಳಿದಳು. ವಂಶವೃಕ್ಷದ ನಕಲು ಕೊಟ್ಟೆ. ಅವಳಿಗೆ ಓದು ಅಷ್ಟಕ್ಕಷ್ಟೇ. “ನಾ ಎಲ್ಲಿ ಬರತಿದ್ದೆ ಇದರಾಗ?” ಅಂದಳು. ದೊಡ್ಡಪ್ಪನ ಹೆಸರಿಗೂ ಅಪ್ಪನ ಹೆಸರಿಗೂ ನಡುವಿನ ಜಾಗವನ್ನು ತೋರಿಸಿದೆ. ಮಡಚಿ ಬೀಡಿ ಕಾರ್ಡಿನ ಚೀಲದಲ್ಲಿ ಇಟ್ಟುಕೊಂಡಳು. ವಕೀಲರು ಬರೆದುಕೊಟ್ಟ ವಕಾಲತ್ತು ಪತ್ರವನ್ನೂ ಜತೆಗೆ ಕೊಟ್ಟು ಬಂದಿದ್ದೇನೆ. ಇನ್ನೂ ಸಹಿ ಹಾಕಿಲ್ಲ.